ಅಕ್ಷರಕ್ರೀಡೆಯ ಗುರು ಲೂಯಿಸ್ ಕ್ಯಾರೊಲ್

ಲೂಯಿಸ್ ಕ್ಯಾರೊಲ್ ಎಂಬ ಹೆಸರಿನಿಂದ ಲೋಕವಿಖ್ಯಾತರಾದ ಚಾರ್ಲ್ಸ್ ಡಾಡ್ಜ್‌ಸನ್ ಮಹಾಶಯರು 1832ನೆಯ ಇಸವಿಯಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿ ಗ್ರಾಮದಲ್ಲಿ ಸಭಾಪಾಲಕರೊಬ್ಬರ ಪುತ್ರರಾಗಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ಗಣಿತೋಪಾಧ್ಯಾಯರಾದ ಇವರಿಗೆ ಬಾಲ್ಯದಿಂದಲೂ ನಾಲಗೆ ತೊದಲುತ್ತಿತ್ತು. 1861ರಲ್ಲಿ ಡೀಕನ್ ಪದವಿಯನ್ನು ಪಡೆದರೂ ಮುಂದಿನ ದೀಕ್ಷೆಯನ್ನು ಕೈಕೊಳ್ಳಲಿಲ್ಲ. ಆದರೆ ನುಡಿಯಲು ತಡವರಿಸಿದವರೇ ನುಡಿಗಳನ್ನು ಮಕ್ಕಳ ಆಟಿಕೆಗಳನ್ನಾಗಿ ಮಾಡಿದರು.

1880ರ ದಶಕದ ಆದಿಯಲ್ಲಿ ಇವರು ಪ್ರಕಟಿಸಿದ ಮಿಶ್‌ಮಾಶ್ ಎಂಬ ಆಟದಲ್ಲಿ ಒಬ್ಬರು ಕೆಲವು ಅಕ್ಷರಗಳನ್ನು ಹೇಳಬೇಕು. ಅವು ಅದೇ ಕ್ರಮದಲ್ಲಿ ಒಟ್ಟಾಗಿ ಬರುವ ಇಂಗ್ಲಿಷ್ ಶಬ್ದವನ್ನು ಮತ್ತೊಬ್ಬರು ಹುಡುಕಬೇಕು. ಜಿ, ಡಿ ಎಂದರೆ ಕಿಂಗ್‌ಡಮ್ ಎನ್ನಬಹುದು. ಅಂಕಿತನಾಮಗಳು ಸಲ್ಲವು.

ಆಕ್ಸ್‌ಫರ್ಡಿನ ಬಾಲಿಕಾ ಹೈಸ್ಕೂಲಿನಲ್ಲಿ ತರ್ಕಶಾಸ್ತ್ರವನ್ನೂ ಬೋಧಿಸಿದ ಇವರು 1898ರಲ್ಲಿ ದೈವಾಧೀನರಾದರು. ಮಾತು ತಟ್ಟನೆ ಬಾರದ ಬಾಲಿಕೆಯನ್ನು ಮಂದಮತಿಯೆಂದು ಜರೆಯುವ ಮುನ್ನ ನಾವು ಈ ಗುರುವರ್ಯರನ್ನು ಸ್ಮರಿಸೋಣ.