ಕಿವಿಯ ತಮಟೆಗೆ ತೇಪೆ ಹಾಕಿದ ಟಾಯ್ನ್‌ಬೀ

ಸೈನ್ಯ ಭರ್ತಿಯಲ್ಲಿ ಓಟ, ಜಿಗಿತ ಎಲ್ಲ ಪಾಸಾದ ಮೇಲೂ ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿಯ ದೆಸೆಯಿಂದ ವಾಪಸಾಗುವ ಹುಡುಗರಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ನಮಗೆ ಇದು ಹೊಸದಲ್ಲ. ತಮಟೆಯಲ್ಲಿ ತೂತಿದ್ದರೆ ಆಯ್ಕೆ ಇಲ್ಲ. ಆ ತೂತು ಮುಚ್ಚಲು ಶ್ರಮಿಸಿದವರಲ್ಲಿ ದೊಡ್ಡ ಹೆಸರು ಲಂಡನ್ನಿನ ವೈದ್ಯ ಜೋಸೆಫ್ ಟಾಯ್ನ್‌ಬೀ ಅವರದು. ಬಿ.ಇ. ಓದುತ್ತಿರುವ ನನಗೆ ಅವರು ವೈದ್ಯರಷ್ಟೇ ಅಲ್ಲ, ಒಳ್ಳೆಯ ಎಂಜಿನಿಯರ್ ಆಗಿಯೂ ಕಾಣುತ್ತಾರೆ.

ಅವರು ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನ ಹೆಕಿಂಗ್ಟನ್ ಎಂಬ ಹಳ್ಳಿಯಲ್ಲಿ, ದೊಡ್ಡ ರೈತನ ಮಗನಾಗಿ. ಲಂಡನ್ನಿಗೆ ಹೋಗಿ ವೈದ್ಯವಿದ್ಯೆ ಕಲಿತರು. 26ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಫೆಲೋ ಆದರು. ಆಗ ಕಿವಿಯ ಚಿಕಿತ್ಸೆಗೆ ಮರ್ಯಾದೆ ಇರಲಿಲ್ಲ. ಅದು ನಕಲಿ ವೈದ್ಯರ ಪಾಲಾಗಿತ್ತು. ಟಾಯ್ನ್‌ಬೀ ಅದನ್ನೇ ಆರಿಸಿಕೊಂಡರು. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುವಂತೆ, ಸತ್ತವರ ಸುಮಾರು 2,000 ಕಿವಿಗಳನ್ನು ಬಿಡಿಸಿ ನೋಡಿದರು. ಯಾವ ಭಾಗ ಕೆಟ್ಟರೆ ಎಂಥ ಕಿವುಡು ಬರುತ್ತದೆ ಎಂದು ಬರೆದಿಟ್ಟರು.

1851ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯ ಕಿವಿ ಶಸ್ತ್ರವೈದ್ಯರಾದರು. ಎರಡೇ ವರ್ಷಕ್ಕೆ ಕೃತಕ ತಮಟೆ ತಯಾರಾಯಿತು. ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರ್ ಆಗಷ್ಟೇ ಬಂದಿತ್ತು. ಅದರ ತೆಳು ಬಿಲ್ಲೆಗೆ ಬೆಳ್ಳಿ ತಂತಿ ಜೋಡಿಸಿದರು. ರೋಗಿಯೇ ಅದನ್ನು ಕಿವಿಯೊಳಗೆ ಇಟ್ಟುಕೊಂಡು, ಬೇಕಾದಾಗ ತೆಗೆಯಬಹುದಿತ್ತು. ಹಲವರಿಗೆ ಕಿವಿ ಕೇಳಿಸಿತು. ಆದರೆ ಅದು ಹೊರಗಿನ ವಸ್ತು, ಕಿವಿಗೆ ಕೂಡಿಕೊಳ್ಳಲಿಲ್ಲ.

ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದಿಗೂ ಅವರು ಔಷಧ ಹುಡುಕುತ್ತಿದ್ದರು. ಕ್ಲೋರೋಫಾರ್ಮ್ ಮತ್ತು ಹೈಡ್ರೋಸಯನಿಕ್ ಆಮ್ಲದ ಆವಿಯನ್ನು ತಾವೇ ಸೇವಿಸಿ ಪರೀಕ್ಷಿಸಿದರು. 1866ರ ಜುಲೈ 7ರಂದು ಆ ಪ್ರಯೋಗದಲ್ಲೇ ಪ್ರಾಣ ಹೋಯಿತು. ಆಗ ಅವರಿಗೆ ಬರೀ 50 ವರ್ಷ. ಮಗ ಆರ್ನಾಲ್ಡ್‌ಗೆ ಇನ್ನೂ 13. ಮುಂದೆ ಕೈಗಾರಿಕಾ ಕ್ರಾಂತಿಯ ಇತಿಹಾಸಕಾರನೆಂದು ಹೆಸರಾದವನು ಅವನೇ. ರೋಗಿಯ ಮೇಲೆ ಮಾಡದೆ ತನ್ನ ಮೇಲೆ ಮಾಡಿಕೊಂಡದ್ದು ದೊಡ್ಡ ಗುಣ ನಿಜ. ಆದರೆ ಸುರಕ್ಷತೆಯಿಲ್ಲದ ಪ್ರಯೋಗ ಏನನ್ನು ಕಸಿಯುತ್ತದೆ ಎಂಬುದನ್ನೂ ಲ್ಯಾಬಿನಲ್ಲಿ ಕೆಲಸ ಮಾಡುವ ನಾವು ನೆನಪಿಡಬೇಕು.

ಅವರ ಯೋಚನೆ ಸಾಯಲಿಲ್ಲ. 1878ರಲ್ಲಿ ಜರ್ಮನಿಯ ಬರ್ಟೋಲ್ಡ್ ರೋಗಿಯ ಚರ್ಮದಿಂದಲೇ ತೂತು ಮುಚ್ಚಿದರು. 1950ರ ದಶಕದ ಆರಂಭದಲ್ಲಿ ವುಲ್‌ಸ್ಟೈನ್ ಮತ್ತು ಝೋಲ್ನರ್ ಸೂಕ್ಷ್ಮದರ್ಶಕದ ನೆರವಿನಿಂದ ಈ ಶಸ್ತ್ರಚಿಕಿತ್ಸೆಗೆ ಇಂದಿನ ರೂಪ ಕೊಟ್ಟರು. ಈಗ ಸಾಮಾನ್ಯವಾಗಿ ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳು ಹೊದಿಕೆಯನ್ನು ತೆಗೆದು, ತಮಟೆಯ ಒಳಬದಿಯಿಂದ ತೇಪೆ ಇಡುತ್ತಾರೆ. ಅದನ್ನು ಆಸರೆ ಮಾಡಿಕೊಂಡು ಹೊಸ ಪದರ ಬೆಳೆಯುತ್ತದೆ. ರಬ್ಬರ್ ಮಾಡಲಾಗದ್ದನ್ನು ಮೈಯ ಒಂದು ಚೂರು ಮಾಡುತ್ತದೆ.

ನಮ್ಮ ಕಡೆ ಕಿವಿ ಸೋರಿದರೆ ಬಿಸಿ ಎಣ್ಣೆ ಬಿಡುವ ರೂಢಿ ಇನ್ನೂ ಇದೆ. ತೂತಿರುವ ಕಿವಿಗೆ ಎಣ್ಣೆ, ನೀರು ಎರಡೂ ಕೇಡು. ಭರ್ತಿಯ ದಿನದವರೆಗೆ ಕಾಯದೆ ಈಗಲೇ ಕಿವಿ ತಜ್ಞರಿಗೆ ತೋರಿಸಿ. ಏನು ಕೆಟ್ಟಿದೆ ಎಂದು ಮೊದಲು ಒಳಗೆ ನೋಡಬೇಕು, ಆಮೇಲೆ ಮದ್ದು. ಟಾಯ್ನ್‌ಬೀ ಬದುಕಿಡೀ ಮಾಡಿದ್ದು ಅದನ್ನೇ.