ಗೂಢವನ್ನರಸಿ ಬಂದ ಪರದೇಶಿ ಜಿಜ್ಞಾಸು: ಆಂಕೆತೀಲ್ ದ್ಯುಪೆರೋನ

ಪೂರ್ವದೇಶದ ಜ್ಞಾನಿಗಳ ವಿಷಯದಲ್ಲಿ ಪಾಶ್ಚಾತ್ಯರಿಗಿರುವ ಕುತೂಹಲವು ಇಂದು ನಿನ್ನೆಯದಲ್ಲ. ಪ್ರಾಚೀನ ಯವನರ ಕಾಲದಿಂದಲೂ ಅಲ್ಲಿಯ ಜನರು ಈಜಿಪ್ತಿನ ಪುರೋಹಿತರಲ್ಲಿ, ಪಾರಸೀಕ ದೇಶದ ಅಗ್ನಿಪೂಜಕರಲ್ಲಿ, ಭರತಖಂಡದ ತಪಸ್ವಿಗಳಲ್ಲಿ ಯಾವುದೋ ಒಂದು ಪುರಾತನ ರಹಸ್ಯವಿದ್ಯೆಯು ಅಡಗಿರುವುದೆಂದು ನಂಬಿಕೊಂಡು ಬಂದಿದ್ದಾರೆ. ಪೈಥಾಗೋರಸನು ಪೂರ್ವದಿಕ್ಕಿಗೆ ಸಂಚರಿಸಿ ವಿದ್ಯೆಯನ್ನು ಪಡೆದನೆಂಬ ಕಥೆಯೂ, ಅಪೊಲೋನಿಯಸನು ಭಾರತಕ್ಕೆ ಬಂದು ಇಲ್ಲಿಯ ಜ್ಞಾನಿಗಳೊಡನೆ ಸಂವಾದ ನಡೆಸಿದನೆಂಬ ಕಥೆಯೂ ಈ ನಂಬಿಕೆಯಿಂದಲೇ ಬೆಳೆದುವು. ೧೮೭೫ರಲ್ಲಿ ನ್ಯೂಯಾರ್ಕಿನಲ್ಲಿ ಥಿಯಾಸಫಿಕಲ್ ಸೊಸೈಟಿಯನ್ನು ಸ್ಥಾಪಿಸಿದವರಲ್ಲೊಬ್ಬಳಾದ ಬ್ಲಾವಟ್ಸ್ಕಿಯು ಹಿಮಾಲಯದಾಚೆಯ ಅಗೋಚರ ಮಹಾತ್ಮರ ಹೆಸರಿನಲ್ಲಿ ಬೋಧಿಸಿದಾಗ ಸಾವಿರಾರು ಜನರು ಆಕೆಗೆ ಕಿವಿಗೊಟ್ಟುದಕ್ಕೂ ಇದೇ ಕಾರಣವು.

ಆದರೆ ಕುತೂಹಲಕ್ಕೆ ಎರಡು ದಾರಿಗಳುಂಟು. ಕುಳಿತಲ್ಲಿಯೇ ಕುಳಿತು ದೂರದ ಜ್ಞಾನಿಯನ್ನು ತನ್ನ ಮನಸ್ಸಿಗೆ ಬಂದಂತೆ ಕಲ್ಪಿಸಿಕೊಳ್ಳುವುದು ಒಂದು. ಎದ್ದು ಹೊರಟು, ಅವನ ಬಾಗಿಲಿಗೆ ಹೋಗಿ, ಅವನ ಅಕ್ಷರವನ್ನು ಕಲಿತು, ಅವನು ಹೇಳಿದುದನ್ನು ಅವನಿಂದಲೇ ಕೇಳಿ ತಿಳಿಯುವುದು ಮತ್ತೊಂದು. ಮೊದಲನೆಯದು ಸುಲಭ, ಎರಡನೆಯದು ದೇಹವನ್ನೂ ಅಹಂಕಾರವನ್ನೂ ಸವೆಸತಕ್ಕದ್ದು. ಈ ಎರಡನೆಯ ದಾರಿಯನ್ನು ಹಿಡಿದವನೊಬ್ಬನ ಜೀವನವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಅಬ್ರಹಾಂ ಹಯಾಸಿಂಥ್ ಆಂಕೆತೀಲ್ ದ್ಯುಪೆರೋನನು ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ನಗರದಲ್ಲಿ ೧೭೩೧ನೆಯ ಇಸವಿ ಡಿಸೆಂಬರ್ ೭ರಂದು ಜನಿಸಿದನು. ತಂದೆಯು ಸಂಬಾರ ಪದಾರ್ಥಗಳ ವ್ಯಾಪಾರಿ. ಮನೆಯಲ್ಲಿ ಮಕ್ಕಳು ಬಹುಮಂದಿ. ಹುಡುಗನನ್ನು ಕ್ರೈಸ್ತ ಪಾದ್ರಿಯನ್ನಾಗಿ ಮಾಡಬೇಕೆಂದು ಹಿರಿಯರು ದೇವತಾಶಾಸ್ತ್ರದ ವ್ಯಾಸಂಗಕ್ಕೆ ಹಚ್ಚಿದರು. ಅಲ್ಲಿ ಹೀಬ್ರೂ ಭಾಷೆಯನ್ನೂ ಅದರ ನೆರೆಹೊರೆಯ ಭಾಷೆಗಳನ್ನೂ ಕಲಿಯುತ್ತ ಕಲಿಯುತ್ತ ಆತನ ಮನಸ್ಸು ಪೌರೋಹಿತ್ಯದಿಂದ ವಿಮುಖವಾಗಿ ಪೂರ್ವದೇಶದ ವಿದ್ಯೆಯ ಕಡೆಗೆ ಹರಿಯಿತು. ಪ್ಯಾರಿಸಿಗೆ ಮರಳಿ ರಾಜಪುಸ್ತಕಾಲಯದಲ್ಲಿ ಒಂದು ಸಣ್ಣ ಕೆಲಸವನ್ನು ಹಿಡಿದನು.

೧೭೫೪ರಲ್ಲಿ ಆತನ ಕೈಗೆ ನಾಲ್ಕು ಹಾಳೆಗಳು ಬಂದುವು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪಾರ್ಸಿಗಳ ಧರ್ಮಗ್ರಂಥವಾದ ವೆಂದಿದಾದಿನ ಹಸ್ತಪ್ರತಿಯೊಂದಿತ್ತು. ಅದನ್ನು ಓದಬಲ್ಲವರು ಯೂರೋಪಿನಲ್ಲಿ ಒಬ್ಬರೂ ಇರಲಿಲ್ಲ. ಆ ಪ್ರತಿಯಿಂದ ನಕಲು ಮಾಡಿದ ನಾಲ್ಕು ಹಾಳೆಗಳನ್ನು ಕಂಡ ಕ್ಷಣದಲ್ಲಿಯೇ ಈ ಇಪ್ಪತ್ತೆರಡು ವರ್ಷದ ತರುಣನು ಭಾರತಕ್ಕೆ ಹೋಗಿ ಆ ಲಿಪಿಯನ್ನೂ ಭಾಷೆಯನ್ನೂ ಕಲಿತುಬರುವೆನೆಂದು ಸಂಕಲ್ಪಿಸಿದನು. ವೇದಗಳನ್ನು ಅರಸಿ ತರುವುದೂ ಆ ಸಂಕಲ್ಪದಲ್ಲಿಯೇ ಸೇರಿತ್ತು. ಪ್ರಯಾಣಕ್ಕೆ ಹಣವಿಲ್ಲ, ದೊಡ್ಡವರ ಸಹಾಯಕ್ಕಾಗಿ ಕಾಯುವ ತಾಳ್ಮೆಯೂ ಇಲ್ಲ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿಯ ದಂಡಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಹೆಸರು ಬರೆಯಿಸಿ, ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು, ಇತರ ಸಿಪಾಯಿಗಳೊಡನೆ ಬಂದರಿಗೆ ನಡೆದನು. ಆತನ ಹಿತೈಷಿಗಳು ಇದನ್ನು ತಿಳಿದು ಅಧಿಕಾರಿಗಳೊಡನೆ ಮಾತನಾಡಿ ಸಿಪಾಯಿತನದಿಂದ ಬಿಡುಗಡೆಯನ್ನೂ ಹಡಗಿನಲ್ಲಿ ಉಚಿತ ಸ್ಥಳವನ್ನೂ ಅಲ್ಪ ವೇತನವನ್ನೂ ಕೊಡಿಸಿದರು. ೧೭೫೫ರ ಆಗಸ್ಟ್ ತಿಂಗಳಿನಲ್ಲಿ ಆತನು ಪುದುಚೇರಿಯಲ್ಲಿ ಇಳಿದನು.

ಅಲ್ಲಿಂದ ಮುಂದಿನ ಆರು ವರ್ಷಗಳು ಕಷ್ಟಪರಂಪರೆಯ ವರ್ಷಗಳು. ಪುದುಚೇರಿಯಲ್ಲಿ ಪಾರಸಿ ಭಾಷೆಯನ್ನು ಕಲಿತು, ಸಂಸ್ಕೃತವನ್ನು ಕಲಿಯುವ ಆಸೆಯಿಂದ ವಂಗದೇಶದ ಚಂದ್ರನಗರಕ್ಕೆ ಹೋದನು. ಅಲ್ಲಿ ರೋಗವು ಹಿಡಿಯಿತು. ರೋಗವು ಬಿಡುವಷ್ಟರಲ್ಲಿ ಯುದ್ಧವು ಬಂದಿತು. ೧೭೫೭ರಲ್ಲಿ ಆಂಗ್ಲರು ಚಂದ್ರನಗರವನ್ನು ಹಿಡಿಯಲು, ಪೂರ್ವ ಸಮುದ್ರದ ತೀರವನ್ನು ಅನುಸರಿಸಿ ನೆಲದ ದಾರಿಯಿಂದಲೇ ಪುದುಚೇರಿಗೆ ಮರಳಿದನು. ಬಳಿಕ ತನ್ನ ತಮ್ಮನೊಡನೆ ಸೂರತ್ತಿಗೆಂದು ಹಡಗು ಹತ್ತಿದವನು ದೇಶವನ್ನು ಕಣ್ಣಾರೆ ಕಾಣುವ ಹಂಬಲದಿಂದ ಮಲೆಯಾಳದ ಮಾಹೆಯಲ್ಲಿ ಇಳಿದುಬಿಟ್ಟು ಉತ್ತರಾಭಿಮುಖವಾಗಿ ನೆಲದ ದಾರಿಯನ್ನೇ ಹಿಡಿದನು. ಎಲ್ಲೋರದ ಗುಹಾಲಯಗಳನ್ನು ನೋಡಿಕೊಂಡು ೧೭೫೮ರ ಮೇ ತಿಂಗಳಿನಲ್ಲಿ ಸೂರತ್ತನ್ನು ಸೇರಿದನು.

ಸೂರತ್ತಿನ ಪಾರ್ಸಿಗಳಲ್ಲಿ ಆಗ ಪಂಚಾಂಗದ ಗಣನೆಯನ್ನು ಕುರಿತು ಎರಡು ಪಕ್ಷಗಳಾಗಿದ್ದುವು. ಒಂದು ಪಕ್ಷದ ಪುರೋಹಿತರಾದ ದಸ್ತೂರ್ ದಾರಾಬರು ವಿದ್ವಾಂಸರು. ಅವರು ಈ ಪರಕೀಯನಿಗೆ ಪಾಠ ಹೇಳಲು ಒಪ್ಪಿದರು. ಆದರೆ ಒಪ್ಪಿದುದು ಬಾಯಿ ಮಾತ್ರ. ಪವಿತ್ರ ಗ್ರಂಥವನ್ನು ಅನ್ಯರ ಕೈಗೆ ಕೊಡುವುದು ಹೇಗೆಂಬ ಅಂಜಿಕೆ ಅವರದು. ಮೊದಲು ಕೊಟ್ಟ ಪ್ರತಿಯು ನಿಷ್ಕೃಷ್ಟವಾದುದಾಗಿರಲಿಲ್ಲ. ಆಂಕೆತೀಲನು ಎದುರು ಪಕ್ಷದವರಿಂದ ಇನ್ನೊಂದು ಪ್ರತಿಯನ್ನು ಎರವಲು ಪಡೆದು, ಎರಡನ್ನೂ ಅಕ್ಷರಾಕ್ಷರವಾಗಿ ಹೋಲಿಸಿ ಲೋಪವನ್ನು ಕಂಡುಹಿಡಿದನು. ಅಂದಿನಿಂದ ಪಾಠವು ನೇರವಾಗಿ ಸಾಗಿತು. ಪುರೋಹಿತರು ಪಾರಸಿಯಲ್ಲಿ ಅರ್ಥ ಹೇಳುವರು. ಶಿಷ್ಯನು ಅದನ್ನು ತನ್ನ ಭಾಷೆಯಲ್ಲಿ ಬರೆದುಕೊಳ್ಳುವನು. ಈ ಕ್ರಮದಿಂದ ೧೭೫೯ರಲ್ಲಿ ವೆಂದಿದಾದಿನ ಅನುವಾದವು ಮುಗಿಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕಾಗಿದೆ. ಮಹಾಪುರುಷರ ಚರಿತ್ರೆಯನ್ನು ಬರೆಯುವವರು ದೋಷಗಳನ್ನು ಬಿಟ್ಟು ಗುಣಗಳನ್ನಷ್ಟೇ ಹೇಳುವುದುಂಟು. ಅದರಿಂದ ಓದುವವನಿಗೆ ಉಪಕಾರವಾಗುವುದಿಲ್ಲ. ಅದೇ ೧೭೫೯ರ ಕೊನೆಯಲ್ಲಿ ಆಂಕೆತೀಲನು ತನ್ನ ದೇಶದವನೇ ಆದ ಒಬ್ಬನೊಡನೆ ಕಲಹಕ್ಕೆ ಬಿದ್ದು, ದ್ವಂದ್ವಯುದ್ಧದಲ್ಲಿ ಅವನನ್ನು ಕೊಂದನು. ತಾನೂ ಘೋರವಾಗಿ ಗಾಯಗೊಂಡು, ಸ್ವಜನರ ನಡುವೆ ಇರಲಾರದೆ, ತನ್ನ ದೇಶಕ್ಕೆ ಶತ್ರುಗಳಾಗಿದ್ದ ಆಂಗ್ಲರ ಆಶ್ರಯವನ್ನು ಬೇಡಬೇಕಾಯಿತು. ಮೇಜಿನ ಮೇಲೆ ಧರ್ಮಾಧರ್ಮಗಳನ್ನು ವಿವರಿಸುವ ಗ್ರಂಥ. ಕೈಯಲ್ಲಿ ಸಹಮಾನವನ ರಕ್ತ. ಗ್ರಂಥದ ಅರ್ಥವು ತಿಳಿದಮಾತ್ರಕ್ಕೆ ಕ್ರೋಧವು ಕರಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನವು ಬೇಕೇ? ಅರಿವು ಆಚಾರಕ್ಕೆ ಇಳಿಯುವುದಕ್ಕೆ ಆತನಿಗೆ ಇನ್ನೂ ಬಹುಕಾಲ ಬೇಕಾಗಿತ್ತು.

ಕಾಶಿಗೆ ಹೋಗಿ ಸಂಸ್ಕೃತವನ್ನು ಕಲಿತು ವೇದಗಳನ್ನು ಪಡೆಯಬೇಕೆಂಬುದು ಆತನ ಉಳಿದ ಆಸೆಯಾಗಿತ್ತು. ಅದು ಕೈಗೂಡಲಿಲ್ಲ. ೧೭೬೧ರ ಜನವರಿಯಲ್ಲಿ ಪುದುಚೇರಿಯೂ ಆಂಗ್ಲರ ವಶವಾಯಿತು. ಅದೇ ವರ್ಷ ಆಂಗ್ಲರ ಹಡಗಿನಲ್ಲಿಯೇ ಹೊರಟು, ಇಂಗ್ಲೆಂಡಿನಲ್ಲಿ ಕೆಲಕಾಲ ಸೆರೆಯಾಳಿನಂತಿದ್ದು, ಆಕ್ಸ್‌ಫರ್ಡಿಗೆ ಹೋಗಿ ತನ್ನ ಪ್ರತಿಗಳನ್ನು ಅಲ್ಲಿಯ ಪ್ರತಿಯೊಡನೆ ತಾಳೆನೋಡಿ, ೧೭೬೨ರ ಮಾರ್ಚಿಯಲ್ಲಿ ಪ್ಯಾರಿಸನ್ನು ಮುಟ್ಟಿದನು. ಕೂಡಲೇ ತಾನು ತಂದ ೧೮೦ ಹಸ್ತಪ್ರತಿಗಳನ್ನು ರಾಜಪುಸ್ತಕಾಲಯಕ್ಕೆ ಒಪ್ಪಿಸಿದನು. ಬಡವನಾದ ಆತನು ಅವುಗಳನ್ನು ಮಾರಿ ಸುಖವಾಗಿರಬಹುದಾಗಿತ್ತು. ಆ ಯೋಚನೆಗೇ ಅವಕಾಶ ಕೊಡಲಿಲ್ಲ.

೧೭೭೧ರಲ್ಲಿ ಜೆಂದ್ ಅವೆಸ್ತದ ಫ್ರೆಂಚ್ ಅನುವಾದವು ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಮನ್ನಣೆಗಿಂತ ಮೊದಲು ಬಂದುದು ನಿಂದೆ. ಪೀಠಿಕೆಯಲ್ಲಿ ಆತನು ಆಕ್ಸ್‌ಫರ್ಡಿನ ಪಂಡಿತರನ್ನು ಹಗುರವಾಗಿ ನಿಂದಿಸಿದ್ದನು. ಮುಂದೆ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿ ಕೀರ್ತಿವಂತನಾದ ವಿಲಿಯಂ ಜೋನ್ಸನು ಆಗ ಇಪ್ಪತ್ತೈದರ ತರುಣ. ಆತನು ಫ್ರೆಂಚ್ ಭಾಷೆಯಲ್ಲಿಯೇ ಒಂದು ತೀಕ್ಷ್ಣವಾದ ಪತ್ರವನ್ನು ಅಚ್ಚುಹಾಕಿಸಿ, ಜರತುಷ್ಟ್ರನಂತಹ ಜ್ಞಾನಿಯು ಇಂತಹ ನೀರಸವಾದ ಮಾತುಗಳನ್ನು ಹೇಳಿರಲಾರನೆಂದೂ, ಪಾರ್ಸಿ ಪುರೋಹಿತರು ಆಂಕೆತೀಲನನ್ನು ವಂಚಿಸಿದರೆಂದೂ ಸಾರಿದನು. ಯೂರೋಪಿನ ಪಂಡಿತರಲ್ಲಿ ಅನೇಕರು ಅದನ್ನು ನಂಬಿದರು. ಇದರ ಮೂಲವೇನೆಂದು ಯೋಚಿಸಬೇಕು. ಪೂರ್ವದ ಋಷಿಯು ಹೇಗಿರಬೇಕೆಂದು ಅವರು ಮೊದಲೇ ಒಂದು ಚಿತ್ರವನ್ನು ಬರೆದಿಟ್ಟುಕೊಂಡಿದ್ದರು. ನಿಜವಾದ ಗ್ರಂಥವು ಎದುರಿಗೆ ಬಂದು ಆ ಚಿತ್ರಕ್ಕೆ ಹೊಂದದೆ ಹೋದಾಗ, ಚಿತ್ರವನ್ನು ಅಳಿಸದೆ ಗ್ರಂಥವನ್ನೇ ಸುಳ್ಳೆಂದರು.

ಆಂಕೆತೀಲನು ತನ್ನ ಕೆಲಸವನ್ನು ಬಿಡಲಿಲ್ಲ. ೧೭೭೮ರಲ್ಲಿ ಏಷ್ಯದ ರಾಜ್ಯಗಳ ನ್ಯಾಯವಿಧಾನವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಪೂರ್ವದೇಶಗಳಲ್ಲಿ ಕಟ್ಟಳೆಯೂ ಇಲ್ಲ, ಪ್ರಜೆಗಳಿಗೆ ಸ್ವಂತ ಆಸ್ತಿಯೂ ಇಲ್ಲ, ಅರಸನ ಇಚ್ಛೆಯೇ ಸರ್ವವೂ ಎಂದು ಮಾಂಟೆಸ್ಕ್ಯೂ ಮೊದಲಾದವರು ಹೇಳಿದ್ದನ್ನು ಅದರಲ್ಲಿ ಖಂಡಿಸಿದನು. ಸ್ವಾಮ್ಯವಿಲ್ಲದವರ ನೆಲವನ್ನು ಕಸಿದುಕೊಳ್ಳುವುದು ತಪ್ಪಲ್ಲವೆಂಬ ಸಮಾಧಾನಕ್ಕೆ ಇಂತಹ ಮಾತುಗಳು ದಾರಿಮಾಡುವುವೆಂಬುದನ್ನು ಆತನು ಅರಿತಿದ್ದನು. ಪೂರ್ವದವರ ಪುರಾತನ ಜ್ಞಾನವನ್ನು ಹೊಗಳಿ ಅವರ ಇಂದಿನ ಬಾಳನ್ನು ತುಳಿಯುವವರೇ ಹೆಚ್ಚಾಗಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಸಂಗತಿಯಲ್ಲ.

ಇನ್ನು ಆತನ ಜೀವನದ ಮಹಾಕಾರ್ಯಕ್ಕೆ ಬರೋಣ. ಷಾಜಹಾನನ ಹಿರಿಯ ಮಗನಾದ ದಾರಾ ಶುಕೋಹನು ಕಾಶಿಯ ಪಂಡಿತರ ಸಹಾಯದಿಂದ ೧೬೫೭ರಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿ ಭಾಷೆಗೆ ತಂದು, ಅದಕ್ಕೆ ಮಹಾರಹಸ್ಯವೆಂಬ ಅರ್ಥವುಳ್ಳ ಹೆಸರನ್ನಿಟ್ಟಿದ್ದನು. ಎರಡು ವರ್ಷಗಳಲ್ಲಿ ತಮ್ಮನಾದ ಔರಂಗಜೇಬನು ಅಣ್ಣನನ್ನು ಕೊಲ್ಲಿಸಿದನು. ಆದರೆ ಪುಸ್ತಕವು ಉಳಿಯಿತು. ಅಯೋಧ್ಯಾ ಪ್ರಾಂತದ ನವಾಬ ಶುಜಾ ಉದ್ದೌಲನ ಆಸ್ಥಾನದಲ್ಲಿದ್ದ ಜೆಂತೀಲನೆಂಬ ಫ್ರೆಂಚ್ ಅಧಿಕಾರಿಯು ಅದರ ಒಂದು ಪ್ರತಿಯನ್ನು ಕಳುಹಿಸಿಕೊಡಲು, ೧೭೭೫ರಲ್ಲಿ ಅದು ಆಂಕೆತೀಲನ ಕೈಸೇರಿತು. ಕಾಶಿಯ ಬಾಗಿಲು ಮುಚ್ಚಿದವನಿಗೆ ಕಾಶಿಯ ಪಂಡಿತರ ವಿದ್ಯೆಯು ಪಾರಸಿಯ ಬಟ್ಟೆಯನ್ನು ಉಟ್ಟು ಮನೆಗೇ ಬಂದಂತಾಯಿತು.

ಮೊದಲು ಫ್ರೆಂಚಿಗೆ, ಬಳಿಕ ಲ್ಯಾಟಿನ್ ಭಾಷೆಗೆ ಅದನ್ನು ಅನುವಾದಿಸಿದನು. ಈ ನಡುವೆ ೧೭೮೯ರ ಮಹಾಕ್ರಾಂತಿಯು ಬಂದು ದೊರೆಯ ತಲೆಯೇ ಉರುಳಿತು. ಪಂಡಿತರ ಸಭೆಗಳು ಮುಚ್ಚಿದುವು. ಆತನು ಕೋಣೆಯನ್ನು ಸೇರಿ ಉಪನಿಷತ್ತುಗಳೊಡನೆಯೇ ಕಾಲವನ್ನು ಕಳೆದನು. ತನ್ನ ಗ್ರಂಥದ ಆರಂಭದಲ್ಲಿ ಭಾರತದ ಜ್ಞಾನಿಗಳನ್ನು ಸಂಬೋಧಿಸಿ ತನ್ನ ಬಾಳಿನ ರೀತಿಯನ್ನು ತಾನೇ ನಿವೇದಿಸಿಕೊಂಡಿದ್ದಾನೆ. ಹೆಂಡತಿ ಮಕ್ಕಳಿಲ್ಲ, ಸೇವಕರಿಲ್ಲ, ರೊಟ್ಟಿಯಂತಹ ಅಲ್ಪಾಹಾರ, ಕುಡಿಯಲು ಬಾವಿಯ ನೀರು, ಆ ದೇಶದ ಕೊರೆಯುವ ಚಳಿಯಲ್ಲಿಯೂ ಒಲೆಗೆ ಬೆಂಕಿಯಿಲ್ಲ, ಮೆತ್ತನೆಯ ಹಾಸಿಗೆಯಿಲ್ಲ. ಬಂದ ಸಹಾಯಧನಗಳನ್ನು ಬೇಡವೆಂದನು. ೧೮೦೪ರಲ್ಲಿ ನೆಪೋಲಿಯನ್ನನು ಚಕ್ರವರ್ತಿಯಾದಾಗ ನಿಷ್ಠೆಯ ಪ್ರಮಾಣವನ್ನು ಮಾಡಲೊಪ್ಪದೆ ವಿದ್ವತ್ಸಭೆಯ ಸ್ಥಾನವನ್ನು ತ್ಯಜಿಸಿದನು. ಒಂದು ಮಾತಿಗೆ ಕತ್ತಿಯನ್ನು ಹಿರಿದ ಸೂರತ್ತಿನ ತರುಣನೂ, ಚಕ್ರವರ್ತಿಯ ಮುಂದೆಯೂ ಬಾಗದೆ ಯಾರಿಗೂ ಕೇಡನ್ನು ಬಯಸದೆ ಕುಳಿತ ಈ ವೃದ್ಧನೂ ಒಬ್ಬನೇ ಎಂದರೆ ಆಶ್ಚರ್ಯವಾಗುತ್ತದೆ.

೧೮೦೧ ಮತ್ತು ೧೮೦೨ರಲ್ಲಿ ಆ ಅನುವಾದವು ‘ಔಪ್ನೆಖಟ್’ ಎಂಬ ಹೆಸರಿನಿಂದ ಸ್ಟ್ರಾಸ್‌ಬರ್ಗಿನಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. ಉಪನಿಷತ್ ಎಂಬ ಶಬ್ದವೇ ಪಾರಸಿಯ ಬಾಯಲ್ಲಿ ಈ ರೂಪವನ್ನು ತಾಳಿತ್ತು. ಸಂಸ್ಕೃತದಿಂದ ಪಾರಸಿಗೆ, ಪಾರಸಿಯಿಂದ ಲ್ಯಾಟಿನ್ನಿಗೆ ಇಳಿದ ಈ ಅನುವಾದದಲ್ಲಿ ಮೂಲದ ಮಾತು ಎಷ್ಟೋ ಕಡೆ ಮಸುಕಾಗಿದೆ. ದಾರಾನು ಸೇರಿಸಿದ ವಿವರಣೆಗಳು ಮೂಲದೊಡನೆ ಬೆರೆತಿವೆ. ಆಂಕೆತೀಲನೂ ಇದರಲ್ಲಿ ಮಾನವಕುಲದ ಆದಿಮ ರಹಸ್ಯವೇ ಅಡಗಿದೆಯೆಂದು ಭಾವಿಸಿ, ಮುಚ್ಚಿಡತಕ್ಕ ಗುಟ್ಟೆಂಬ ಅರ್ಥವನ್ನು ಶೀರ್ಷಿಕೆಯಲ್ಲಿಯೇ ಬರೆದನು. ಕಲ್ಪನೆಯ ಮೋಹವು ಆತನನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ. ಆದರೆ ಗುಟ್ಟೆಂದು ಹೆಸರಿಟ್ಟವನೇ ಅದನ್ನು ಅಚ್ಚುಮಾಡಿಸಿ ಸರ್ವರ ಕೈಗೂ ಇತ್ತನಷ್ಟೆ!

೧೮೦೫ನೆಯ ಇಸವಿ ಜನವರಿ ೧೭ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಆತನು ಪ್ಯಾರಿಸಿನಲ್ಲಿ ದೇಹವನ್ನು ಬಿಟ್ಟನು. ಶ್ರಮದ ಫಲವನ್ನು ಕಾಣುವ ಭಾಗ್ಯವು ಆತನಿಗಿರಲಿಲ್ಲ. ೧೮೧೪ರಲ್ಲಿ ಜರ್ಮನಿಯ ತತ್ತ್ವಜ್ಞಾನಿಯಾದ ಶೋಪೆನ್ಹೌರನು ವೈಮಾರಿನ ಪುಸ್ತಕಾಲಯದಿಂದ ಈ ಲ್ಯಾಟಿನ್ ಗ್ರಂಥವನ್ನು ತಂದು ಓದಿ, ಬಾಳಿನ ಕೊನೆಯವರೆಗೂ ಅದನ್ನು ತನ್ನ ನಿತ್ಯಪಾಠವನ್ನಾಗಿ ಇಟ್ಟುಕೊಂಡನು. ಸಾಕಿದ ನಾಯಿಗೂ ಆತ್ಮನೆಂದೇ ಹೆಸರಿಟ್ಟನು. ಆತನ ತತ್ತ್ವವನ್ನು ಮೆಚ್ಚಿದ ಪಾಲ್ ಡಾಯ್ಸನನು ಸಂಸ್ಕೃತವನ್ನೇ ಕಲಿತು, ೧೮೯೭ರಲ್ಲಿ ಅರುವತ್ತು ಉಪನಿಷತ್ತುಗಳನ್ನು ಮೂಲದಿಂದಲೇ ಜರ್ಮನ್ ಭಾಷೆಗೆ ತಂದನು. ಅವೆಸ್ತದ ವಿಷಯದಲ್ಲಿಯೂ ಸತ್ಯವು ಹೊರಬಿದ್ದಿತು. ೧೮೨೬ರಲ್ಲಿ ರಾಸ್ಕನೆಂಬ ಡೇನಿಷ್ ಪಂಡಿತನು ಆ ಭಾಷೆಯು ಪ್ರಾಚೀನವೂ ಸಂಸ್ಕೃತಕ್ಕೆ ಬಂಧುವೂ ಆದುದೆಂದು ತೋರಿಸಿದನು. ೧೮೩೩ರಲ್ಲಿ ಬೂರ್ನೂಫನು ಆ ಗ್ರಂಥದ ಅರ್ಥವನ್ನು ಶಾಸ್ತ್ರೀಯವಾಗಿ ಬಿಡಿಸತೊಡಗಿದಾಗ ಆತನಿಗೆ ಕೀಲಿಕೈಯಾದುದು ಪಾರ್ಸಿ ಪಂಡಿತನಾದ ನೈರ್ಯೋಸಂಘನು ಹಿಂದೆ ಮಾಡಿದ್ದ ಸಂಸ್ಕೃತಾನುವಾದ. ಆ ಹಸ್ತಪ್ರತಿಯನ್ನು ಪ್ಯಾರಿಸಿಗೆ ತಂದಿದ್ದವನು ಆಂಕೆತೀಲನೇ! ತಾನು ಓದಲಾರದ ಪುಸ್ತಕವನ್ನು ಓದಬಲ್ಲವನೊಬ್ಬನು ಮುಂದೆ ಬಂದಾನೆಂದು ಹೊತ್ತು ತಂದು ಕಾಪಾಡಿದನು. ಇದಕ್ಕಿಂತ ನಿಃಸ್ವಾರ್ಥವಾದ ಕಾಯಕವು ಮತ್ತಾವುದು?

ವಾಚಕ ಮಹಾಶಯರೇ, ಜ್ಞಾನವನ್ನು ಗುಟ್ಟೆಂದು ಪೂಜಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಗುಟ್ಟಿನ ಮೋಹದಿಂದ ಹೊರಟು, ಬೆವರನ್ನು ಸುರಿಸಿ, ತಪ್ಪಿ, ತಿದ್ದಿಕೊಂಡು, ಕಡೆಗೆ ಅದನ್ನು ಎಲ್ಲರಿಗೂ ಬಿಚ್ಚಿಟ್ಟುಹೋದವರು ವಿರಳ. ನಮ್ಮ ಶರಣರು ತಮ್ಮ ಅನುಭಾವವನ್ನು ಒಕ್ಕಲಿಗನಿಗೂ ನೇಯ್ಗೆಯವನಿಗೂ ತಿಳಿಯುವ ನುಡಿಯಲ್ಲಿಯೇ ಇಟ್ಟುಹೋದರು. ಅದನ್ನು ಕಾಣಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ, ಸಿಪಾಯಿಯಾಗಬೇಕಾಗಿಲ್ಲ. ಮನೆಯ ಜಗುಲಿಯಿಂದ ಪುಸ್ತಕದ ಗೂಡಿನವರೆಗೆ ನಾಲ್ಕು ಹೆಜ್ಜೆಯನ್ನಿಟ್ಟರೆ ಸಾಕು. ಆ ನಾಲ್ಕು ಹೆಜ್ಜೆಗಳನ್ನು ಇಡುವೆವೋ ಇಲ್ಲವೋ ಎಂಬುದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.