ಉಸಿರನಿತ್ತ ಕೈಗಳು

ಯಂತ್ರಗಳು ಮಾನವನ ಶಕ್ತಿಯನ್ನು ಹೆಚ್ಚಿಸುತ್ತವೆ. ಆದರೆ ಯಂತ್ರವು ಸೋತ ಗಳಿಗೆಯಲ್ಲಿ ನೆರವಿಗೆ ಬರುವುದು, ಅದು ಮಾಡುತ್ತಿದ್ದ ಕಾರ್ಯದ ಮರ್ಮವನ್ನು ಅರಿತ ಬುದ್ಧಿಯೇ. ಡೆನ್ಮಾರ್ಕಿನ ವೈದ್ಯ ಬ್ಯೋರ್ನ್ ಇಬ್ಸೆನ್ ಅವರ ಜೀವನವು ಇದಕ್ಕೆ ಉಜ್ಜ್ವಲ ನಿದರ್ಶನ.

ಇಬ್ಸೆನ್ 1915ರ ಆಗಸ್ಟ್ 30ರಂದು ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. 1940ರಲ್ಲಿ ವೈದ್ಯಕೀಯ ಪದವಿ ಪಡೆದರು. 1949ರಲ್ಲಿ ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿ ಅರಿವಳಿಕೆ ಶಾಸ್ತ್ರದಲ್ಲಿ ವಿಶೇಷ ತರಬೇತಿ ಹೊಂದಿದರು. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಉಸಿರಾಟ ಕುಂದಿದಾಗ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವುದು ಅರಿವಳಿಕೆ ತಜ್ಞರಿಗೆ ರೂಢಿಯಾದ ಕೆಲಸ. ಈ ಸರಳ ವಿದ್ಯೆಯೇ ಮುಂದೆ ಸಾವಿರಾರು ಜೀವಗಳಿಗೆ ಆಸರೆಯಾಯಿತು.

1952ರ ಬೇಸಗೆಯಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ರೋಗವು ಭೀಕರವಾಗಿ ಹಬ್ಬಿತು. ಅದಕ್ಕೆ ತುತ್ತಾದವರಲ್ಲಿ ಮಕ್ಕಳು ಬಹುಮಂದಿ. ಬ್ಲೆಗ್ಡಮ್ ಆಸ್ಪತ್ರೆಯಲ್ಲಿದ್ದುದು ಉಕ್ಕಿನ ಶ್ವಾಸಕೋಶವೆಂದು ಹೆಸರಾದ ಒಂದು ದೊಡ್ಡ ಯಂತ್ರ, ಎದೆಗೆ ಕವಚದಂತೆ ತೊಡಿಸುವ ಆರು ಸಣ್ಣ ಯಂತ್ರಗಳು, ಇಷ್ಟೇ. ಗಂಟಲಿನ ಸ್ನಾಯುಗಳು ನಿಶ್ಚೇಷ್ಟಿತವಾದವರಿಗೆ ಕಫವು ಶ್ವಾಸನಾಳಕ್ಕೆ ಇಳಿದು ಅಡ್ಡಗಟ್ಟುತ್ತಿದ್ದುದರಿಂದ ಆ ಯಂತ್ರಗಳೂ ನಿಷ್ಫಲವಾಗುತ್ತಿದ್ದವು. ಮೊದಲ ಮೂರು ವಾರಗಳಲ್ಲಿ ಅವುಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ಅಸುನೀಗಿದರು.

ಚಿಂತಾಕ್ರಾಂತರಾದ ಮುಖ್ಯ ವೈದ್ಯ ಲ್ಯಾಸೆನ್ ಅವರು ಇಬ್ಸೆನ್ನರನ್ನು ಕರೆಸಿದರು. ರೋಗಿಗಳ ರಕ್ತದಲ್ಲಿ ಕಂಡ ಬದಲಾವಣೆಗೆ ಇತರರು ಬೇರೆ ಕಾರಣವನ್ನು ಊಹಿಸಿದ್ದರು. ಉಸಿರಾಟ ಸಾಲದೆ ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿಯುತ್ತಿರುವುದೇ ಅದರ ಮೂಲವೆಂದು ಇಬ್ಸೆನ್ ಗ್ರಹಿಸಿದರು.

ಆಗಸ್ಟ್ 27ರಂದು ಪರೀಕ್ಷೆಯ ಗಳಿಗೆ ಬಂದಿತು. ಹನ್ನೆರಡು ವರ್ಷದ ಬಾಲಕಿಯೊಬ್ಬಳು ಕೈಕಾಲುಗಳ ಚಲನೆಯನ್ನು ಕಳೆದುಕೊಂಡು, ತನ್ನ ಕಫದಲ್ಲಿಯೇ ಉಸಿರುಗಟ್ಟಿ ಸಾವಿನ ದವಡೆಯಲ್ಲಿದ್ದಳು. ಆಕೆಯ ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆಯನ್ನು ಸೇರಿಸಲಾಯಿತು. ಇಬ್ಸೆನ್ ಚೀಲವನ್ನು ಒತ್ತಿದರು, ಗಾಳಿ ಒಳಹೋಗಲಿಲ್ಲ. ಬಾಲಕಿ ಸಂಕಟದಿಂದ ಹೋರಾಡುತ್ತಿದ್ದಳು. ಅವಳ ಶ್ವಾಸನಾಳಗಳು ಬಿಗಿದುಕೊಂಡಿದ್ದವು. ಆಗ ಇಬ್ಸೆನ್ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ಚುಚ್ಚಿದರು. ಉಸಿರಿಗಾಗಿ ತವಕಿಸುವ ಮಗುವಿಗೆ ಉಸಿರನ್ನೇ ನಿಲ್ಲಿಸಬಲ್ಲ ಮದ್ದು! ಬಾಲಕಿಯ ಹೋರಾಟ ನಿಂತಿತು, ಬಿಗಿತ ಸಡಿಲವಾಯಿತು. ಇಬ್ಸೆನ್ನರ ಅಂಗೈಯ ಒತ್ತಡಕ್ಕೆ ಅವಳ ಎದೆ ಏರಿ ಇಳಿಯತೊಡಗಿತು. ಬಳಿಕ ಪರೀಕ್ಷಾರ್ಥವಾಗಿ ಕವಚದ ಯಂತ್ರವನ್ನು ತೊಡಿಸಿದಾಗ ಅವಳ ಸ್ಥಿತಿ ಮತ್ತೆ ಹದಗೆಟ್ಟಿತು. ಕೈಯಿಂದ ಗಾಳಿ ಕೊಟ್ಟೊಡನೆ ಸುಧಾರಿಸಿತು. ಬಾಲಕಿ ಬದುಕಿ ಉಳಿದಳು.

ಆದರೆ ಹಗಲಿರುಳೂ ಅನೇಕ ರೋಗಿಗಳ ಬಳಿ ಕುಳಿತು ಚೀಲ ಒತ್ತುವವರಾರು? ಈ ಕರೆಗೆ ವೈದ್ಯಕೀಯ ಹಾಗೂ ದಂತವೈದ್ಯಕೀಯ ವಿದ್ಯಾರ್ಥಿಗಳು ಓಗೊಟ್ಟರು. ಸುಮಾರು 1500 ಮಂದಿ ಸರದಿಯಂತೆ ಈ ಸೇವೆ ಸಲ್ಲಿಸಿದರು. ಒಮ್ಮೆಗೆ 70 ರೋಗಿಗಳವರೆಗೆ ಅವರ ಕೈಗಳಿಂದಲೇ ಉಸಿರಾಡಿದರು. ಅಪರಿಚಿತ ಮಗುವಿನ ಮುಖವನ್ನು ನೋಡುತ್ತಾ, ಗಂಟೆಗಟ್ಟಲೆ ಲಯ ತಪ್ಪದೆ ಚೀಲವನ್ನು ಒತ್ತುವುದು ಒಂದು ತಪಸ್ಸೇ ಸರಿ. ನೂರಕ್ಕೆ 87ರಷ್ಟಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದು, ಕ್ರಮೇಣ ಕಾಲುಭಾಗದ ಸಮೀಪಕ್ಕೆ ಬಂದಿತು.

ಈ ಅನುಭವದ ಫಲವಾಗಿ 1953ರಲ್ಲಿ ಇಬ್ಸೆನ್ ಕೋಪನ್‌ಹೇಗನ್ನಿನ ನಗರ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕವನ್ನು ಸ್ಥಾಪಿಸಿದರು. ಇಂದು ಲೋಕದ ಆಸ್ಪತ್ರೆಗಳಲ್ಲಿರುವ ಇಂತಹ ಘಟಕಗಳಿಗೆ ಅದು ಮಾದರಿಯಾಯಿತು. 2007ರ ಆಗಸ್ಟ್ 7ರಂದು ಅವರು ನಿಧನರಾದರು.

ಇಬ್ಸೆನ್ ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕಲಿತ ವಿದ್ಯೆಯನ್ನು ರೋಗಿಯ ಹಾಸಿಗೆಯ ಬಳಿಗೆ ತಂದರು. ಕಲಿತುದನ್ನು ಅರ್ಥಮಾಡಿಕೊಂಡು ಕಲಿತವನಿಗೆ ಆಪತ್ಕಾಲದಲ್ಲಿ ಬರಿಗೈಯೂ ಸಾಧನವಾಗುತ್ತದೆ.